ಬಿಟ್ಟು ಹೋದ ಕಾಳು

“ಪೊದಿ ಕೆಳಗ ಇಟ್ಟದ್ದನ್ನ ಇಲಿ ಚೊಕ್ಕ ತಿಂದು ಹೋಗ್ಯಾವ, ಧಾಪು ಮಾಸಿ. ಬಯಲಾಗ ಇಟ್ಟದ್ದು ನೋಡ್ರಿ, ಅರ್ಧಕ್ಕಿಂತ ಹೆಚ್ಚು ಹಂಗೇ ಬಿಟ್ಟಾವ.”

ಮೃದುಲಾ ಹೀಗೆಂದು ಮರಳು ತುಂಬಿದ ತಟ್ಟೆಯನ್ನು ಧಾಪುವಿನ ಮುಂದೆ ಸರಿಸಿದಳು. ಧಾಪು ಜರಡಿ ಹಿಡಿದುಕೊಂಡು ಬನ್ನಿ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ತಟ್ಟೆಯನ್ನು ಎತ್ತಿ ಜರಡಿಗೆ ಸುರಿದಳು. ಮರಳು ಹೊಗೆಯ ಹಾಗೆ ಇಳಿದುಹೋಯಿತು. ಸಜ್ಜೆಯ ಕಾಳುಗಳು ಮೇಲೆ ಉಳಿದು ಚಳಿಗಾಲದ ಬಿಸಿಲಿಗೆ ಮಿಣಮಿಣ ಅಂದವು.

“ಹೊಟ್ಟಿ ತುಂಬಿರಬೇಕು ಬಿಡು, ಬಾಯಿಸಾ. ತುಂಬಿದ ಹೊಟ್ಟಿಗೆ ಸಕ್ರೀನೂ ಕಹಿ.”

“ಹೊಟ್ಟಿ ತುಂಬಿದ್ರ ಪೊದಿ ಕೆಳಗಿಂದನ್ನೂ ಬಿಡಬೇಕಿತ್ತಲ್ಲ? ಇದು ಅಂಜಿಕಿ, ಮಾಸಿ. ಬಯಲಾಗ ಮ್ಯಾಲಿಂದ ಗಿಡುಗ ಬರತೈತಿ. ಗಿಡುಗನ್ನ ನೋಡಬೇಕಂದ್ರ ತಲಿ ಎತ್ತಬೇಕು, ಕಾಳು ಹುಡುಕಬೇಕಂದ್ರ ತಲಿ ಬಗ್ಗಿಸಬೇಕು. ಎರಡೂ ಕೂಡಿ ಆಗೂದಿಲ್ಲ. ಮೊದಮೊದಲು ಕಾಳು ಕೈಗೆ ಹತ್ತತಾವ, ಧೈರ್ಯ ಮಾಡಿ ತಿಂತಾವ. ಆಮ್ಯಾಲೆ ಎಷ್ಟು ಕೆದರಿದ್ರೂ ಒಂದು, ಎರಡು. ಆವಾಗ ಅನಸ್ತೈತಿ, ಒಂದು ಕಾಳಿಗೆ ಯಾಕ ಜೀವಾ ಕೊಡಲಿ ಅಂತ. ಬಿಟ್ಟು ಓಡ್ತಾವ. ಅಂಜಿಕಿ ತೂಗಾಕ ತಕ್ಕಡಿ ಎಲ್ಲಿ ಐತಿ ಹೇಳ್ರಿ? ಅದಕ್ಕ ಈ ತಟ್ಟಿ. ಎಷ್ಟು ಬಿಟ್ಟು ಹೋದವೋ ಅಷ್ಟು ಅಂಜಿಕಿ.”

ಧಾಪುವಿನ ಕೈ ಜರಡಿಯ ಮೇಲೇ ನಿಂತಿತು. ಅವಳ ಕಣ್ಣ ಮುಂದೆ ಬಂದದ್ದು ಕಾಳಲ್ಲ, ತನ್ನ ಮನೆಯ ಅಂಗಳದಲ್ಲಿ ಕಂಚಿನ ಬಟ್ಟಲಿನೊಳಗೆ ದಿನಾ ಉಳಿಯುವ ಅರ್ಧ ರೊಟ್ಟಿ.

ಮೃದುಲಾ ಜೋಧಪುರದವಳು, ಕಾಲೇಜಿನಲ್ಲಿ ಕಲಿಸುವವಳು. ಚಳಿ ಬಿದ್ದಾಗಿನಿಂದ ಫಲೋದಿಯ ಆಚೆಗಿನ ಈ ಢಾಣಿಯ, ನಾಲ್ಕಾರು ಮನೆಯ ಹಟ್ಟಿಯ, ಹಿಂದಿನ ಮರಳದಿಬ್ಬದಲ್ಲೇ ಅವಳ ಬದುಕು. ಬೆಳಿಗ್ಗೆ ಮರಳಿಗೆ ಸಜ್ಜೆ ಬೆರೆಸಿ ತಟ್ಟೆಗಳಲ್ಲಿ ಹಾಕಿ, ಕೆಲವನ್ನು ಬಯಲಲ್ಲಿ, ಕೆಲವನ್ನು ಕೇರ್ ಎಂಬ ಮುಳ್ಳುಪೊದೆಗಳ ಬುಡದಲ್ಲಿ ಇಟ್ಟು ಬರುವಳು. ಮರಳಿಲಿಗಳು ಬಿಲದಿಂದ ಹೊರಬಿದ್ದು ತಿಂದಷ್ಟು ತಿನ್ನುವವು. ಹೊತ್ತು ಇಳಿದ ಮೇಲೆ ಉಳಿದದ್ದನ್ನು ಜರಡಿ ಹಿಡಿಯುವುದು ಧಾಪುವಿನ ಕೆಲಸ. ಮೊದಲು ಢಾಣಿಯವರೆಲ್ಲ ಇಲಿಗೆ ವಿಷ ಹಾಕಲು ಬಂದವಳೆಂದು ಅನುಮಾನಪಟ್ಟು ಕೋಲು ಹಿಡಿದು ಬಂದಿದ್ದರು. ಬಿಷ್ಣೋಯಿಗಳ ನೆಲದಲ್ಲಿ ಇಲಿಯ ಜೀವವೂ ಜೀವವೇ. ಇಲಿಗೆ ಊಟ ಹಾಕಲು ಬಂದವಳೆಂದು ಗೊತ್ತಾದ ಮೇಲೆ, “ಹುಚ್ಚು ಐತಿ, ಆದ್ರ ಒಳ್ಳೇ ಹುಚ್ಚು” ಎಂದು ಹಾಲು ಕುಡಿಸಿ ಹೋದರು.

ದೂರದಲ್ಲಿ ಒಂದು ಇಲಿ ಹಿಂಗಾಲ ಮೇಲೆ ನಿಂತಿತು. ಅದರ ಕಿವಿಯ ಹಿಂದೆ ಸೂರ್ಯನಿದ್ದ. ಕಿವಿ ಗುಲಾಬಿ ಎಸಳಿನಂತೆ ಹೊಳೆಯಿತು.

“ಅಷ್ಟು ಚಂದದ ಕಿವಿ ಯಾರು ಮಾಡಿದ್ರು ಗೊತ್ತೇನು, ಮಾಸಿ? ಹಾವು.”

“ಹಾವು ಕಿವಿ ಮಾಡಾಕ ಅದೇನು ಅಕ್ಕಸಾಲಿಗೇನು?”

“ಹೌದಂತ ತಿಳಿಕೊಳ್ರಿ. ಎಷ್ಟೋ ತಲಿಮಾರಿನಿಂದ ಕಿವಿ ಮಂದ ಇದ್ದವೆಲ್ಲ ಹಾವಿನ ಹೊಟ್ಟಿಗೆ ಹೋದವು. ಕೇಳಿಸಿಕೊಂಡವು ಉಳದವು, ಮರಿ ಹಾಕಿದವು. ಮರಿಗಳಾಗೂ ಹಂಗೇ. ಕೆತ್ತಿ ಕೆತ್ತಿ ಈ ಕಿವಿ ಆತು. ಮೈಬಣ್ಣ ಮರಳಿನಂಗ ಆಗಿದ್ದು ಗಿಡುಗನ ಕೆಲಸ. ಹಾವಿಗೆ ಅಲುಗಾಡದಂಗ ಮಲಗೂದು ಕಲಿಸಿದ್ದು ಈ ಇಲೀನೇ. ಒಬ್ಬರನ್ನೊಬ್ಬರು ಮಾಡಿಕೋತ ಬಂದಾರ.”

ಧಾಪು ಗೊಳ್ಳೆಂದು ನಕ್ಕಳು. “ಹಂಗಾದ್ರ ನನ್ನ ಕಿವಿ ಮಾಡಿದ್ದು ನನ್ನ ಮಾವನ ಕೆಮ್ಮು! ಮೂರು ಹೊಲ ಆಚೆ ಕೆಮ್ಮಿದ್ರೂ ಇಲ್ಲಿ ನನ್ನ ಮುಸುಕು ಮೂಗಿಗೆ ಬರತಿತ್ತು.”

ನಗು ಮುಗಿಯಿತು. ಮರಳು ಮಾತ್ರ ಜರಡಿಯಿಂದ ಇಳಿಯುತ್ತಲೇ ಇತ್ತು.

ಧಾಪುವಿನ ಎದೆಯಲ್ಲಿ ಕೂತಿದ್ದ ಮುಳ್ಳು ಇದು. ಸೊಸೆ ಬಿದಾಮಿ ಮನೆ ತುಂಬಿ ಒಂದು ಬೆಳೆಯ ಕಾಲವಾಗಿರಬಹುದು. ಮಗ ಓಮಾರಾಮ ಉಪ್ಪಿನ ಲಾರಿ ಓಡಿಸುವವ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಿದಾಮಿ ಕೆಲಸದಲ್ಲಿ ಚುರುಕು, ಎಮ್ಮೆಗಳು ಅವಳ ಕೈಗೆ ಹೊಂದಿಕೊಂಡಿದ್ದವು. ಆದರೆ ಉಣ್ಣಲು ಕೂತರೆ ಅರ್ಧ ಬಿಟ್ಟೇ ಏಳುವಳು. ಮಾತೂ ಇಲ್ಲ. ಏನು ಕೇಳಿದರೂ ಮುಸುಕಿನೊಳಗಿಂದ ನಾಲಿಗೆಯ ಒಂದು ಚಿಟಕಿ ಸದ್ದು, ಬೇಡ ಅಂತ. ತವರಿಗೆ ಕರೆದೊಯ್ಯಲು ಅವಳ ಅಣ್ಣ ರುಘಾರಾಮ ಈ ಹುಣ್ಣಿಮೆಗೆ ಬರುವವನಿದ್ದ. ಅನ್ನದ ಮೇಲೆ ಮನಸ್ಸಿಲ್ಲದ ಹೆಣ್ಣು ತವರ ಹೊಸಿಲು ದಾಟಿತೆಂದರೆ ತಿರುಗಿ ಬಂದದ್ದನ್ನು ಧಾಪು ಕಂಡಿರಲಿಲ್ಲ.

ಬಾರದಿದ್ದರೆ ಹೋಗಲಿ ಎನ್ನುವ ಹಾಗೂ ಇರಲಿಲ್ಲ. ಇದು ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ಧಾಪುವಿನ ಮಗಳು ಹಂಜಾ ಅದೇ ರುಘಾರಾಮನ ಹೆಂಡತಿ. ಇಲ್ಲಿಯ ಸೊಸೆ ಅಲ್ಲಿ ಉಳಿದರೆ ಅಲ್ಲಿಯ ಸೊಸೆಯನ್ನು ಇಲ್ಲಿಗೆ ಗಂಟು ಕಟ್ಟಿ ಕಳಿಸುತ್ತಾರೆ. ಒಂದು ಬಟ್ಟಲಿನ ಅರ್ಧ ರೊಟ್ಟಿಗೆ ಎರಡು ಮನೆಯ ಒಲೆಗಳು ಜೋತುಬಿದ್ದಿದ್ದವು.

ಮನೆಯಲ್ಲಿ ಗಂಡ ಭಾಕರರಾಮ ಅಂಗಳದ ಬಾಗಿಲ ಬಳಿ ಕೂತು ಒಂಟೆಯ ಕೂದಲಿನ ಹಗ್ಗ ಹೊಸೆಯುತ್ತಿದ್ದ. ಅಂಗಳದ ಮೂಲೆಯ ಚಪ್ಪಡಿ ಕಲ್ಲಿನ ಮೇಲೆ ಕಾಡು ಪಾರಿವಾಳಗಳು ಬಿದಾಮಿಯ ರೊಟ್ಟಿಯ ತುಂಡುಗಳನ್ನು ಹೆಕ್ಕುತ್ತಿದ್ದವು. ಮನೆಯಲ್ಲಿ ಮಿಕ್ಕದ್ದೆಲ್ಲ ಆ ಕಲ್ಲಿಗೇ ಹೋಗುವುದು.

“ಬೀಂದಣಿ ಬಂದಾಗಿಂದ ಪಾರಿವಾಳಕ್ಕ ಹಾರಾಕ ಬರವಲ್ದು ನೋಡು,” ಎಂದ ಭಾಕರರಾಮ, ಸೊಸೆಯ ಮಾತು ತೆಗೆದು. “ಹೊಟ್ಟಿ ನೆಲಕ್ಕ ತಾಗಾಕತ್ತಾವ.”

“ನಗಬ್ಯಾಡ. ನೀನು ಗಿಡುಗ.”

“ನಾನು ಏನು?”

“ಗಿಡುಗ ಅಂದೆ. ಆ ಹುಡುಗಿ ತುತ್ತು ಎತ್ತೂದಕ್ಕೂ ನೀ ಕೆಮ್ಮೂದಕ್ಕೂ ಸರಿ ಹೋಗತೈತಿ. ಕೆಮ್ಮಿದ ಕೂಡ್ಲೆ ಆಕಿ ಮುಸುಕು ಇಳಸಬೇಕು, ತುತ್ತು ಕೆಳಗ ಇಡಬೇಕು, ಗ್ವಾಡಿ ಕಡಿ ತಿರುಗಬೇಕು. ಹಿಂಗಾದ್ರ ಯಾರು ಉಂಡಾರು?”

ಭಾಕರರಾಮನಿಗೆ ನಿಜವಾಗಿ ನೋವಾಯಿತು. “ಅಲ್ಲೇ, ಕೆಮ್ಮದೆ ಒಳಗ ಬಂದ್ರ ಲಜ್ಜಿಗೇಡಿ ಮುದುಕ ಅಂತಾರ. ಕೆಮ್ಮಿದ್ರ ಗಿಡುಗ ಅಂತಿ. ನನ್ನ ಅಪ್ಪ ಕೆಮ್ಮಿದಾ, ಅವನಪ್ಪ ಕೆಮ್ಮಿದಾ. ನಾ ಏನು ಕೊಳಲು ಊದಿಕೋತ ಬರಲೇನು?”

“ಊದು. ಊರ ಮಂದಿಗೆ ಮೋಜಾದ್ರೂ ಸಿಗತೈತಿ.”

ಮರುದಿನದಿಂದ ಧಾಪು ಸೊಸೆಯ ಬಟ್ಟಲನ್ನು ಅಂಗಳದಿಂದ ಎತ್ತಿ ಅಡುಗೆ ಗುಡಿಸಲೊಳಗೆ ಇಟ್ಟಳು. ಪೊದೆಯ ಕೆಳಗಿನ ತಟ್ಟೆ ಬರಿದಾಗುತ್ತದೆ ಎಂದರೆ ಇದಕ್ಕಿಂತ ಒಳ್ಳೆಯ ಪೊದೆ ಎಲ್ಲಿದೆ? ದುಂಡನೆಯ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಮಾಡು, ಮೊಣಕಾಲೆತ್ತರದ ಒಲೆ. ಕೆಮ್ಮು ಅಲ್ಲಿಗೆ ಬರುವಷ್ಟರಲ್ಲಿ ಸವೆದು ಉಸಿರಿನಷ್ಟೇ ಆಗುತ್ತದೆ. ತಾನು ಎದುರಿಗೇ ಕೂತಳು. ಬಿಸಿ ರೊಟ್ಟಿಯ ಹೊಟ್ಟೆ ಒಡೆದು ತುಪ್ಪ ಹೊಯ್ದಳು. ಕೇರ್ ಕಾಯಿಯ ಪಲ್ಯ ಹಾಕಿದಳು. ಸೊಸೆ ಕೈ ಅಡ್ಡ ಹಿಡಿದರೂ, ಒತ್ತಾಯಿಸಿ ಉಣಿಸುವ ಮನುಹಾರ ಮನೆಯ ಮರ್ಯಾದೆಯಲ್ಲವೆ, “ನನ್ನ ಆಣಿ ಐತಿ, ತಗೋ” ಎಂದು ಬೆರಳ ಸಂದಿನಿಂದಲೇ ಇನ್ನೊಂದು ತುತ್ತು ಜಾರಿಸಿದಳು. ಬೆಲ್ಲವನ್ನೂ ಕೊಟ್ಟಳು. ಕೊಟ್ಟು, ಬಟ್ಟಲನ್ನು ನೋಡುತ್ತಾ ಕೂತಳು. ತುತ್ತು ಎಷ್ಟು ದೊಡ್ಡದು, ಅಗಿದದ್ದು ಎಷ್ಟು ಹೊತ್ತು, ನುಂಗಿದಳೋ ಇಲ್ಲವೋ.

“ಉಣ್ಣು, ಬೀಂದಣಿ. ಇಲ್ಲಿ ಯಾರೂ ಇಲ್ಲ. ನಾನೊಬ್ಬಾಕಿ ಅದೀನಿ.”

ಮುಸುಕಿನೊಳಗಿಂದ ನಾಲಿಗೆ ಚಿಟಕ್ ಎಂದಿತು. ಬೇಡ.

ಅಂದು ಮುಕ್ಕಾಲು ಉಳಿಯಿತು. ಮರುದಿನವೂ ಅಷ್ಟೆ. ಧಾಪು ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಅದರಲ್ಲಿ ಏನೋ ಬರೆದಿರಬಹುದೆಂಬಂತೆ. ತುಪ್ಪ ಹೆಪ್ಪುಗಟ್ಟಿತ್ತು. ಪಾರಿವಾಳಗಳಿಗೆ ಹಬ್ಬವಾಯಿತು.

“ಗಿಡುಗ ಇಲ್ದಿದ್ರೂ ಉಣವಲ್ಲಳಲ್ಲ?” ಎಂದ ಭಾಕರರಾಮ, ಸ್ವಲ್ಪ ಗೆದ್ದವನ ದನಿಯಲ್ಲಿ.



ಹುಣ್ಣಿಮೆ ಹತ್ತಿರ ಬಂತು. ದಿಬ್ಬದ ಮೇಲೆ ಗಾಳಿ ಬಿದ್ದುಹೋಗಿ ಮರಳಿನ ಮಡಿಕೆಗಳು ಯಾರೋ ಈಗಷ್ಟೇ ಬಿಡಿಸಿಟ್ಟ ಬಟ್ಟೆಯ ಹಾಗೆ ಕಾಣುತ್ತಿದ್ದವು. ಅಂದು ತಟ್ಟೆ ತರಲು ಹೋದ ಧಾಪುವಿಗೆ ಒಂದು ವಿಚಿತ್ರ ಕಂಡಿತು. ದೊಡ್ಡ ಕೇರ್ ಪೊದೆಯ ಕೆಳಗಿನ ತಟ್ಟೆ, ದಿನಾ ಚೊಕ್ಕ ಆಗುತ್ತಿದ್ದದ್ದು, ಇಟ್ಟದ್ದು ಇಟ್ಟ ಹಾಗೆ ಇತ್ತು. ಮರಳಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಬಯಲಿನ ತಟ್ಟೆಯೇ ಬದಲಿಗೆ ಅರ್ಧಕ್ಕಿಂತ ಹೆಚ್ಚು ಖಾಲಿ.

“ಬಾಯಿಸಾ, ಇಲಿಗೂ ತಲಿ ಕೆಟ್ಟೈತಿ ಇವತ್ತು,” ಎಂದು ಕೂಗುತ್ತ ತಟ್ಟೆಗೆ ಕೈ ಚಾಚಿದಳು.

“ಮಾಸಿ! ಕೈ ಹಿಂದಕ್ಕ!”

ಮೃದುಲಾ ಓಡಿ ಬಂದು ಅವಳ ರಟ್ಟೆ ಹಿಡಿದಳು. ಧಾಪುವಿಗೆ ಏನೂ ಕಾಣಲಿಲ್ಲ. ಮರಳು, ಒಣಕಡ್ಡಿ, ನೆರಳು. ಆಮೇಲೆ ಮರಳಿಗೆ ಕಣ್ಣು ಬಂತು. ತಟ್ಟೆಯ ಅಂಚಿನಾಚೆ, ಮೈಯೆಲ್ಲ ಹೂತುಕೊಂಡು, ಎರಡೇ ಕಣ್ಣು ಹೊರಗಿಟ್ಟು ಮಂಡಲದ ಹಾವು ಮಲಗಿತ್ತು. ಅದು ಅವಳತ್ತ ಬುಸುಗುಟ್ಟಲಿಲ್ಲ, ಅಲುಗಲೂ ಇಲ್ಲ. ನೋಡುತ್ತಿತ್ತು, ಅಷ್ಟೆ.

ಇಬ್ಬರೂ ಹಿಂದಕ್ಕೆ ಹೆಜ್ಜೆ ಇಟ್ಟು ಬನ್ನಿಯ ಕೆಳಗೆ ಬಂದು ಕೂತರು.  ಧಾಪುವೇ ಮೃದುಲಾಳಿಗೆ ನೀರು ಕುಡಿಸಿದಳು.

“ಪೊದಿ ಕಾಯತೈತಿ ಅಂದಿದ್ದಿಯಲ್ಲ ನೀನು?”

“ಗಿಡುಗನಿಂದ ಕಾಯತೈತಿ. ಒಳಗ ಹಾವಿದ್ರ ಪೊದಿ ಏನು ಮಾಡೀತು? ಬಯಲಾಗ ಓಡಾಕರ ಜಾಗಾ ಐತಿ. ಇಲ್ಲಿ ತೀರಾ ಮಗ್ಗಲಾಗ ಕೂತು ನೋಡತಿರತೈತಲ್ಲ, ಮಾಸಿ, ಅದು ಗಿಡುಗನಕಿಂತ ಕೆಟ್ಟದ್ದು.”

“ಅದು ಏನೂ ಮಾಡಲಿಲ್ಲಲ್ಲ. ಸುಮ್ಮನ ನೋಡಾಕತ್ತಿತ್ತು.”

“ಇಲಿಗೆ ಅಷ್ಟು ಸಾಕು.”

ಮೃದುಲಾ ಉಳಿದ ತಟ್ಟೆಗಳನ್ನು ತರಲು ಹೋದಳು. ಧಾಪು ಜರಡಿಯನ್ನು ಮಡಿಲಲ್ಲಿಟ್ಟುಕೊಂಡು ಮರಕ್ಕೆ ಒರಗಿದಳು. ಬಿಸಿಲು ಹಿತವಾಗಿತ್ತು. ಮರಳು ಇಳಿಯುವ ಸದ್ದು ಕಿವಿಯೊಳಗೆ ಇನ್ನೂ ಉಳಿದಿತ್ತು, ಸರ್ರನೆ, ಸರ್ರನೆ, ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ ಎಂದು ತಿಳಿಯದ ಹಾಗೆ. ಅವಳು ಆ ಮರಳಿನ ಜೊತೆಗೇ ಇಳಿದಳು.

ಕೆಳಗೆ ಬಿಲವಿತ್ತು. ಬಿಲ ಉದ್ದಕ್ಕೂ ಹೋಗುತ್ತಿತ್ತು, ತಂಪಾಗಿ, ಹಾಲಿನ ಬಣ್ಣದ ಬೆಳಕಿನಲ್ಲಿ. ಅದರೊಳಗೆ ಸಾಲಾಗಿ ಹೆಂಗಸರು ಕೂತಿದ್ದರು, ಒಬ್ಬರ ಬೆನ್ನಿಗೆ ಒಬ್ಬರು, ಎಲ್ಲರ ತಲೆಯ ಮೇಲೂ ಕೆಂಪು ಮುಸುಕು. ಮುಸುಕಿನ ಎರಡೂ ಕಡೆ ಕಿವಿಗಳು ಹೊರಬಂದಿದ್ದವು, ತೆಳ್ಳಗೆ, ದೊಡ್ಡದಾಗಿ, ಹಿಂದಿನ ಬೆಳಕು ಹಾದು ಗುಲಾಬಿಯಾಗಿ. ಯಾವುದೋ ಕಾಲದ ಯಾವನೋ ಮಾವ ಕೆಮ್ಮಿದ. ಕಿವಿಗಳೆಲ್ಲ ಒಟ್ಟಿಗೇ ಅತ್ತ ಹೊರಳಿದವು. ಎಲ್ಲರ ಮುಂದೆಯೂ ಬಟ್ಟಲು, ಎಲ್ಲದರಲ್ಲೂ ಅರ್ಧ ರೊಟ್ಟಿ. ಧಾಪು ತನ್ನ ಜಾಗಕ್ಕೆ ಹೋಗಿ ಕೂತಳು. ಜಾಗ ಅವಳಿಗಾಗಿ ಬೆಚ್ಚಗೇ ಇತ್ತು. ಬೆನ್ನಿಗೆ ಏನೋ ಚುಚ್ಚಿದಂತಾಗಿ ತಿರುಗಿದರೆ ಅವಳ ಅತ್ತೆ. ಸತ್ತು ಯಾವ ಕಾಲವಾಯಿತೋ, ಹಾಗೇ ಕೂತು ಧಾಪುವಿನ ಬಟ್ಟಲನ್ನು ನೋಡುತ್ತಿದ್ದಾಳೆ. ಮಾತಿಲ್ಲ. ಕೆಟ್ಟವಳಲ್ಲ ಪಾಪ, ಬೆಲ್ಲವನ್ನೂ ಇಟ್ಟಿದ್ದಾಳೆ. ಧಾಪುವಿನ ಕೈಯ ತುತ್ತು ಬಟ್ಟಲಿಗೇ ಇಳಿಯಿತು. ಮುಖ ತಪ್ಪಿಸಿ ಮುಂದೆ ತಿರುಗಿದಳು. ಮುಂದೆ ಬಿದಾಮಿಯ ಬೆನ್ನು. ಬಿದಾಮಿಯ ಕಂಚಿನ ಬಟ್ಟಲಿನ ತಳದಲ್ಲಿ ಧಾಪುವಿಗೆ ತನ್ನ ಮುಖವೇ ಕಂಡಿತು. ಮರಳಿನ ಬಣ್ಣದ ಮುಖ. ಕಣ್ಣಿಗೆ ರೆಪ್ಪೆ ಇರಲಿಲ್ಲ.

ಎಚ್ಚರವಾದಾಗ ಜರಡಿ ಮಡಿಲಿಂದ ಉರುಳಿಹೋಗಿತ್ತು. ಎದುರಿನ ದಿಬ್ಬದಲ್ಲಿ ಇಲಿಯೊಂದು ಹಿಂಗಾಲಿನಿಂದ ನೆಲ ಬಡಿಯುತ್ತಿತ್ತು, ಟಪಟಪಟಪ, ಬಾಗಿಲು ತಟ್ಟುವವರ ಹಾಗೆ.

“ಬಾಯಿಸಾ,” ಎಂದಳು ಧಾಪು, ಮೃದುಲಾ ಬಂದಾಗ. “ಹಾವಿಗೆ ಗೊತ್ತಿರತೈತೇನು, ತಾನು ಹಾವು ಅಂತ?”

ಮೃದುಲಾ ಯೋಚಿಸಿದಳು. “ಅದು ನನಗೂ ಗೊತ್ತಿಲ್ಲ, ಮಾಸಿ.”

ಮರುದಿನ ಬಿಸಿಲೇರಿದಾಗ ಧಾಪು ಅಡುಗೆ ಗುಡಿಸಲಲ್ಲಿ ಬಟ್ಟಲು ಇಟ್ಟಳು. ರೊಟ್ಟಿಯ ಬುಟ್ಟಿಯನ್ನೂ ತುಪ್ಪದ ಗಡಿಗೆಯನ್ನೂ ಸೊಸೆಯ ಕೈಗೆ ಸಿಗುವಲ್ಲಿ ಸರಿಸಿದಳು. ಆಮೇಲೆ ಎದ್ದು ಹೋಗಿ ಹೊಸಿಲ ಮೇಲೆ ಕೂತಳು, ಹೊರಗೆ ಮುಖ ಮಾಡಿ, ಬೆನ್ನು ಒಳಗಿಟ್ಟು. ಕೈಗೊಂದು ತಕಲಿ ತೆಗೆದುಕೊಂಡು ಉಣ್ಣೆ ನೂಲತೊಡಗಿದಳು. ಅತ್ತೆಯಾದವಳು ಸೊಸೆಗೆ ಬಡಿಸದೆ ಬೆನ್ನು ಹಾಕಿ ಕೂರುವುದನ್ನು ಯಾರಾದರೂ ಕಂಡಿದ್ದರೆ ಇಡೀ ಢಾಣಿಗೆ ಒಂದು ವಾರದ ಮಾತಾಗುತ್ತಿತ್ತು.

ಕುತ್ತಿಗೆ ತಿರುಗಿಸಬೇಕೆಂಬ ಆಸೆ ನೊಣದ ಹಾಗೆ ಬಂದು ಬಂದು ಕೂತಿತು. ತಿರುಗಿಸಲಿಲ್ಲ.

ಅಂಗಳದಾಚೆ ಭಾಕರರಾಮ ಕಾಣಿಸಿಕೊಂಡ. ಕೆಮ್ಮಲು ಎದೆ ಉಬ್ಬಿಸಿದ.

“ಏ ಅಲ್ಲೇ ನಿಲ್ಲು!”

“ನೀರು ಬೇಕಿತ್ತು.”

“ಎಮ್ಮಿ ದೋಣ್ಯಾಗ ಐತಿ, ಕುಡಿ.”

“ಎಮ್ಮಿ ಜೋಡಿ ಕುಡಿಯಲೇನು?”

“ಅದೇನೂ ಬ್ಯಾಡನ್ನೂದಿಲ್ಲ. ಕೆಮ್ಮೂದಿದ್ರ ದಿಬ್ಬ ಹತ್ತಿ ಕೆಮ್ಮಿ ಬಾ.”

ಅವನು ಗೊಣಗುತ್ತ ಹೋದ. ಹೋಗುವಾಗ ಕೆಮ್ಮು ಬಂದರೂ ಪಾಪ ಪೇಟದ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡ.

ಆಗ ಬೆನ್ನ ಹಿಂದೆ ಸಣ್ಣದೊಂದು ಸದ್ದಾಯಿತು. ಮುಸುಕಿನೊಳಗೆ ಯಾರೋ ಮೂಗಿನಿಂದ ನಕ್ಕ ಸದ್ದು. ಆಮೇಲೆ ರೊಟ್ಟಿ ಮುರಿದ ಸದ್ದು. ಅಗಿಯುವ ಸದ್ದು. ಮಜ್ಜಿಗೆ ಗುಟುಕರಿಸಿದ ಸದ್ದು. ಮಾವನ ಕೆಮ್ಮು ಮಾಡಿಕೊಟ್ಟ ಕಿವಿಗಳಿಂದ ಧಾಪು ಒಂದೊಂದನ್ನೂ ಕೇಳಿದಳು. ತಕಲಿ ತಿರುಗಿತು. ಬಿಸಿಲು ಅಂಗಳದ ತುಂಬ ನಿಂತ ನೀರಿನಂತೆ ಇತ್ತು, ಅದರಲ್ಲಿ ಹೊತ್ತು ತೇಲಿಕೊಂಡು ಹೋಯಿತು. ಒಂದು ರೊಟ್ಟಿ ಮುಗಿದಿರಬೇಕು ಎಂದುಕೊಂಡಾಗ, ಅವಳು ಇದುವರೆಗೆ ಸರಿಯಾಗಿ ಕೇಳದ ಒಂದು ದನಿ, ಸ್ವಲ್ಪ ಒರಟು, ಹೊಲದಲ್ಲಿ ಕೂಗಿ ಪಳಗಿದ ದನಿ ಹೇಳಿತು:

“ಸಾಸೂಜಿ, ಬೆಲ್ಲ ಎಲ್ಲಿ ಇಟ್ಟೀರಿ?”

“ಗ್ವಾಡಿ ಗೂಡಿನಾಗ, ಬಲಕ್ಕ,” ಎಂದಳು ಧಾಪು. ತಿರುಗಲಿಲ್ಲ. ಕಣ್ಣು ತುಂಬಿ ಅಂಗಳವೆಲ್ಲ ಕದಡಿತ್ತು. ತಿರುಗಿದ್ದರೂ ಏನೂ ಕಾಣುತ್ತಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ರುಘಾರಾಮ ಜೀಪು ತಂದ. ಗಂಡಸರು ಹೊರಗೆ ಕೂತು ಚಹಾ ಕುಡಿಯುತ್ತಿದ್ದರು. ಒಳಗೆ ಬಿದಾಮಿ ಉಂಡು ಎದ್ದಳು, ಬಟ್ಟಲನ್ನು ಬೂದಿಯಿಂದ ತಿಕ್ಕಲು ಹೋದವಳನ್ನು ಧಾಪು ತಡೆದು, “ಇರಲಿ, ನಾ ತಿಕ್ಕತೀನಿ” ಎಂದು ಕಸಿದುಕೊಂಡಳು. ಅತ್ತೆ ಸೊಸೆಯ ಎಂಜಲು ತಿಕ್ಕುವುದೆಂದರೆ! ಬಿದಾಮಿ ಮುಸುಕಿನೊಳಗೇ ಕಣ್ಣರಳಿಸಿದ್ದು ಧಾಪುವಿಗೆ ಗೊತ್ತಾಯಿತು.

“ಒಂದು ಮಾತು, ಬೀಂದಣಿ. ಅಲ್ಲಿ ನನ್ನ ಹಂಜಾ ಅದಾಳಲ್ಲ. ನಿಮ್ಮವ್ವ ಭಾಳ ಚಲೋ ಹೆಂಗಸು, ಎದುರಿಗೆ ಕೂತು ಉಣಿಸ್ತಾಳಂತ.”

“ಹೌದು. ಅವ್ವ ಆಣಿ ಹಾಕಿ ಹಾಕಿ ಉಣಿಸ್ತಾಳ. ಅತ್ತಿಗಿ ಯಾವಾಗಲೂ ಅರ್ಧ ಬಿಡ್ತಾಳ. ಅವ್ವಗ ಸಿಟ್ಟು, ಇಕಿಗೆ ನಮ್ಮ ಮನಿ ಹಿಡಿಸಿಲ್ಲ ಅಂತ.”

ಧಾಪು ಸೊಸೆಯ ಹತ್ತಿರ ಸರಿದಳು. “ಹಂಗಾದ್ರ ಹಂಜಾ ಉಣ್ಣೂ ಹೊತ್ತಿಗೆ ನಿಮ್ಮವ್ವನ್ನ ಹೊರಗ ಕರಿ. ಎಮ್ಮಿ ತಪ್ಪಿಸಿಕೊಂಡೈತಿ ಅನ್ನು, ಏನರ ಅನ್ನು. ನೀ ಹೊಸಿಲ ಮ್ಯಾಲೆ ಕೂಡ್ರು, ಆಕಿಗೆ ಬೆನ್ನು ಮಾಡಿ.”

“ನಿಮ್ಮಂಗ?”

“ನನ್ನಂಗ.”

ಬಿದಾಮಿ ಮುಸುಕನ್ನು ಒಂದು ಬೆರಳಷ್ಟು ಎತ್ತಿದಳು. “ತಿಂಗಳಾದ ಮ್ಯಾಲೆ ಬಂದು ಹೇಳ್ತೀನಿ, ಎಷ್ಟು ಉಂಡಳು ಅಂತ. ಮಾವನೋರಿಗೆ ಹೇಳ್ರಿ, ಅಲ್ಲೀತನಕ ಮನಸಾರೆ ಕೆಮ್ಮಲಿ.”

ಜೀಪು ದಿಬ್ಬದ ಬದಿಯಿಂದ ಸುತ್ತಿ ಹೋಯಿತು. ಎದ್ದ ಧೂಳು ಬಹಳ ಹೊತ್ತು ಬೆಳಕಿನಲ್ಲಿ ನಿಂತಿತ್ತು. ಧಾಪು ಬಟ್ಟಲು ಹಿಡಿದು ಚಪ್ಪಡಿ ಕಲ್ಲಿನ ಹತ್ತಿರ ಬಂದಳು. ಪಾರಿವಾಳಗಳು ಆಗಲೇ ಬಂದು ಕೂತು, ಕತ್ತು ಓರೆ ಮಾಡಿ ಕಾಯುತ್ತಿದ್ದವು. ಅವಳು ಬಟ್ಟಲನ್ನು ಬಗ್ಗಿಸಿ ತೋರಿಸಿದಳು. ಒಳಗೆ ನಾಲ್ಕು ಬೆರಳು ಬಳಿದ ಗೆರೆಗಳ ಹೊರತು ಏನೂ ಇರಲಿಲ್ಲ. ಪಾರಿವಾಳಗಳು ನಂಬದೆ ಇನ್ನೂ ಸ್ವಲ್ಪ ಹೊತ್ತು ಕೂತವು, ಆಮೇಲೆ ಒಂದೊಂದಾಗಿ ಭಾರವಾಗಿ ಎದ್ದು ದಿಬ್ಬದ ಕಡೆ ಹಾರಿದವು.